ಮಠದ ಬೇವಿನ ಮರಕ್ಕೆ ಕಟ್ಟಿಹೋದ ನಾಯಿ



ಇಲ್ಲಿ ಪ್ರತಿಸಲವೂ ಒಂದು ವಚನವನ್ನು ಎದುರಿಗಿಟ್ಟುಕೊಂಡು ಅದರ ಅರ್ಥವನ್ನು ವಿಸ್ತರಿಸುವುದು ವಾಡಿಕೆ. ಈ ಸಲ ಎದುರಿಗಿರುವುದು ವಚನವಲ್ಲ, ಒಂದು ನಾಯಿ. ದಯೆ ಎಂಬ ಶಬ್ದವನ್ನು ಕುರಿತು ಇದೇ ಲೇಖನಿಯಿಂದ ಎಷ್ಟೋ ಪುಟಗಳನ್ನು ಬರೆದಿದ್ದೇನೆ. ನಿಘಂಟು ತೆರೆದಿದ್ದೇನೆ, ಪಾಠಾಂತರಗಳನ್ನು ಹೋಲಿಸಿದ್ದೇನೆ. ಆ ಶಬ್ದಕ್ಕೆ ದುರ್ವಾಸನೆಯೂ ಇರಬಹುದು, ಅದು ರಾತ್ರಿ ಎರಡು ಗಂಟೆಗೆ ಎದ್ದು ವಾಂತಿ ಮಾಡಿಕೊಳ್ಳಲೂಬಹುದು ಎಂಬುದು ಮಾತ್ರ 2025ರ ಶ್ರಾವಣದವರೆಗೆ ನನಗೆ ತಿಳಿದಿರಲಿಲ್ಲ.

ಆ ಶ್ರಾವಣದ ಎರಡನೆಯ ಸೋಮವಾರ, ದಾಸೋಹ ನಡೆಯುತ್ತಿದ್ದ ಹೊತ್ತಿನಲ್ಲಿ, ಒಂದು ಕುಟುಂಬದವರು ಕಾರಿನಲ್ಲಿ ಬಂದು ಕೆಂಪು ಬಣ್ಣದ ಒಂದು ಹೆಣ್ಣುನಾಯಿಯನ್ನು ಮಠದ ಬೇವಿನ ಮರಕ್ಕೆ ಕಟ್ಟಿದರು. ಹೆದ್ದಾರಿಯ ಬದಿಯಲ್ಲಿ ಬಿದ್ದುಕೊಂಡಿತ್ತಂತೆ; ನೋಡಲಾರದೆ ಎತ್ತಿಕೊಂಡು ಬಂದರಂತೆ. ಅದರ ಮುಂದೆ ಎಲೆಯಲ್ಲಿ ಎರಡು ಹೋಳಿಗೆ ಇಟ್ಟು, ತಲೆ ಸವರಿ, ಚಿತ್ರ ತೆಗೆದುಕೊಂಡು, ಗದ್ದುಗೆಗೆ ನಮಸ್ಕರಿಸಿ ಹೊರಟುಹೋದರು. “ಮಠದಲ್ಲಿದ್ದರೆ ಹೇಗೋ ಬದುಕಿಕೊಳ್ಳುತ್ತದೆ” ಎಂಬುದು ಅವರು ಬಿಟ್ಟುಹೋದ ಮಾತು. ಸಂಜೆಯ ಹೊತ್ತಿಗೆ ಇನ್ನೊಂದು ಗುಂಪು ಕಾರ್ಯಾಲಯಕ್ಕೆ ಬಂದಿತು. ನಾಯಿಯ ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಿದೆ, ಅಂಗಳ ಮೈಲಿಗೆಯಾಗುತ್ತಿದೆ, ಊರಾಚೆ ಬಿಟ್ಟುಬರಬೇಕು, ಮಠವೇನು ನಾಯಿಗಳ ಛತ್ರವೇ ಎಂಬುದು ಅವರ ಆಕ್ಷೇಪ.

ಈ ಎರಡು ಪಕ್ಷಗಳು ಪರಸ್ಪರ ವಿರುದ್ಧವೆಂದು ಅಂದು ಎಲ್ಲರಿಗೂ ತೋರಿತು. ನನಗೂ ತೋರಿತು. ಈಗ ಹಾಗೆ ತೋರುತ್ತಿಲ್ಲ. ತಂದು ಬಿಟ್ಟವರಿಗೂ ಹೊರಗೆ ಹಾಕಿರೆಂದವರಿಗೂ ಬೇಕಾಗಿದ್ದುದು ಒಂದೇ: ಆ ನಾಯಿ ತಮ್ಮ ಕಣ್ಣಿನ ಮುಂದಿನಿಂದ ಸರಿದುಹೋಗಬೇಕು. ಒಬ್ಬರು ಅದನ್ನು ಪುಣ್ಯವೆಂದು ಕರೆದರು, ಇನ್ನೊಬ್ಬರು ಶುದ್ಧಿಯೆಂದು ಕರೆದರು. ನಾಯಿಯ ಬಳಿ ಮರುದಿನ ಬೆಳಿಗ್ಗೆ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ.

ಮೈಲಿಗೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ಹೆಚ್ಚು ಸಮಯ ಬೇಕಿಲ್ಲ. ಪಂಚಸೂತಕಗಳನ್ನು ನಿರಾಕರಿಸಿದ ಪರಂಪರೆ ನಮ್ಮದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಇವು ಯಾವುವೂ ಸೂತಕವಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ತೀರ್ಮಾನವಾಯಿತೆಂದು ವೇದಿಕೆಗಳ ಮೇಲೆ ಎದೆಯುಬ್ಬಿಸಿ ಹೇಳುವವರು ನಾವು. ಮನೆಯ ಹೆಣ್ಣುಮಕ್ಕಳಿಗೆ ಇಲ್ಲದ ಸೂತಕ ಬೇವಿನ ಮರದ ಬುಡದ ನಾಯಿಗೆ ಎಲ್ಲಿಂದ ಬಂದಿತು? ಅದೂ ಅಲ್ಲದೆ ಅದು ಬೆದೆಯ ರಕ್ತವಾಗಿರಲಿಲ್ಲ, ರೋಗದ ರಕ್ತವಾಗಿತ್ತು. ಈ ಎರಡರ ವ್ಯತ್ಯಾಸ ತಿಳಿಯದೆ ಎಷ್ಟು ನಾಯಿಗಳು ನಮ್ಮ ಬೀದಿಗಳಲ್ಲಿ ತಿಂಗಳುಗಟ್ಟಲೆ ನರಳುತ್ತವೆಯೋ ಶಿವನೇ ಬಲ್ಲ. ಗುಪ್ತಾಂಗದ ರೋಗವಾದ್ದರಿಂದ ನಾಚಿಕೆಪಟ್ಟು ಮುಖ ತಿರುಗಿಸುವವರೇ ಬಹಳ.

ಅದು ನಾಯಿಗಳಲ್ಲಿ ಹರಡುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆ. ವೈದ್ಯರು ಟಿವಿಟಿ ಎಂದು ಕರೆಯುತ್ತಾರೆ. ಹೂಕೋಸಿನಂತೆ ಬೆಳೆಯುತ್ತದೆ, ಮುಟ್ಟಿದರೆ ರಕ್ತ ಸೋರುತ್ತದೆ. ಇದನ್ನು ಹರಡುವುದು ವೈರಾಣುವಲ್ಲ, ಕ್ಯಾನ್ಸರಿನ ಜೀವಕೋಶಗಳೇ ಸಂಗಮದಲ್ಲಿ, ನೆಕ್ಕುವಲ್ಲಿ, ಮೂಸುವಲ್ಲಿ ಒಂದು ನಾಯಿಯ ದೇಹದಿಂದ ಇನ್ನೊಂದಕ್ಕೆ ದಾಟಿ ಬೇರೂರುತ್ತವೆ. ಎಂದೋ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಗಡ್ಡೆ ಹೀಗೆ ದಾಟುತ್ತ ದಾಟುತ್ತ ಲೋಕವನ್ನೆಲ್ಲ ಸುತ್ತಿದೆ. ಅದರ ಹುಟ್ಟು 4000ದಿಂದ 8500 ವರ್ಷಗಳ ಹಿಂದೆ ಏಷ್ಯಾ ಖಂಡದಲ್ಲಿ ಆಗಿರಬೇಕೆಂದು ವಿಜ್ಞಾನಿಗಳು 2019ರಲ್ಲಿ ಅಂದಾಜು ಮಾಡಿದರು. ಮನುಷ್ಯರಿಗೆ ಇದು ಅಂಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಗುಣವಾಗುವ ಕ್ಯಾನ್ಸರ್. ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತ ಹೋದರೆ ನಾಲ್ಕಾರು ಸಲದಲ್ಲಿ ಬಹುಪಾಲು ನಾಯಿಗಳು ಪೂರ್ತಿ ಗುಣ ಹೊಂದುತ್ತವೆ.

ಆ ಔಷಧ ಬರುವುದು ಕಾಶಿ ಕಣಗಿಲೆಯ ಗಿಡದಿಂದ. ನಮ್ಮ ಗದ್ದುಗೆಯ ಸುತ್ತಲೂ ಬಿಳಿ, ಗುಲಾಬಿ ಬಣ್ಣದಲ್ಲಿ ವರ್ಷವಿಡೀ ಅರಳುವ, ನೀವು ದಿನವೂ ಕಿತ್ತು ಏರಿಸುವ ಅದೇ ನಿತ್ಯಪುಷ್ಪ. ಮಕ್ಕಳ ರಕ್ತದ ಕ್ಯಾನ್ಸರಿಗೂ ಇದೇ ಔಷಧವನ್ನು ಬಳಸುತ್ತಾರೆ. ಈ ಸಂಗತಿ ಹೇಳಿದೊಡನೆ ಒಬ್ಬ ಹಿರಿಯರು, ಹಾಗಾದರೆ ಎಲೆಯನ್ನೇ ಅರೆದು ಕುಡಿಸಬಾರದೇ ಎಂದು ಕೇಳಿದರು. ದಯಮಾಡಿ ಯಾರೂ ಹಾಗೆ ಮಾಡಬಾರದು. ಆ ಗಿಡ ವಿಷ. ರಾಶಿಗಟ್ಟಲೆ ಒಣ ಎಲೆಯಿಂದ ಚಿಟಿಕೆಯಷ್ಟು ಔಷಧ ತೆಗೆದು, ಅಳೆದು, ತೂಗಿ ಕೊಡುವ ಕೆಲಸ ಅದು. ಸೂಜಿ ಸ್ವಲ್ಪ ತಪ್ಪಿ ರಕ್ತನಾಳದ ಹೊರಗೆ ಒಂದೆರಡು ಹನಿ ಸೋರಿದರೂ ಆ ಜಾಗದ ಮಾಂಸ ಕೊಳೆಯುತ್ತದೆ. ಇದೇ ಬಗೆಯ ‘ನಾಟಿ’ ಉತ್ಸಾಹದಿಂದಲೇ ಕಜ್ಜಿನಾಯಿಯ ಮೈಮೇಲೆ ಬಂಡಿಯ ಹಳೆಯ ಎಂಜಿನ್ ಎಣ್ಣೆ ಸುರಿಯುವವರೂ ಇದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಹೀರುತ್ತದೆ. ಕಜ್ಜಿಯಿಂದ ಸಾಯದಿದ್ದುದು ಎಣ್ಣೆಯಿಂದ ಸಾಯುತ್ತದೆ. ಅವರಿಗೂ ತಾವು ದಯೆ ತೋರಿದೆವೆಂಬ ತೃಪ್ತಿ ಇದ್ದೇ ಇರುತ್ತದೆ.

ನಾನು ಕೆಂಪಿಯನ್ನು (ಬೇರೆ ಹೆಸರಿಡುವ ವ್ಯವಧಾನವಿರಲಿಲ್ಲ) ನನ್ನ ಬಾಡಿಗೆ ಮನೆಯ ಹಿತ್ತಿಲಿಗೆ ಕರೆದೊಯ್ದುದು ವೀರತನದಿಂದಲ್ಲ. ಆ ರಾತ್ರಿ ಮಳೆ ಬರುತ್ತಿತ್ತು, ಬೇರೆ ಯಾರೂ ಇರಲಿಲ್ಲ. ಮೊದಲು ತೋರಿಸಿದ ಕಡೆ “ಬೀದಿನಾಯಿಗೆ ಇಷ್ಟೆಲ್ಲ ಯಾಕೆ ಸಾರ್, ಬಿಟ್ಟುಬಿಡಿ” ಎಂದರು. ಎರಡನೆಯ ವೈದ್ಯರು ಗಡ್ಡೆಯಿಂದ ತುಣುಕು ಒತ್ತಿ ಗಾಜಿನ ಮೇಲೆ ನೋಡಿ ರೋಗವನ್ನು ಖಚಿತಪಡಿಸಿದರು. ರಕ್ತಪರೀಕ್ಷೆಯಲ್ಲಿ ಉಣ್ಣೆಜ್ವರವೂ ಕಂಡಿತು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಅಷ್ಟು ಇಳಿದಿರುವಾಗ ಕ್ಯಾನ್ಸರ್ ಔಷಧ ಕೊಡುವಂತಿಲ್ಲ. ಆದ್ದರಿಂದ ಮೊದಲು ಡಾಕ್ಸಿಸೈಕ್ಲಿನ್ ಮಾತ್ರೆ, ಒಂದು ದಿನವೂ ತಪ್ಪದಂತೆ 28 ದಿನ. ಆ ಮಾತ್ರೆಯನ್ನು ಹಾಲಿನಲ್ಲಿ ಕೊಡಬಾರದು, ಒಣದಾಗಿ ನುಂಗಿಸಿದರೆ ಅನ್ನನಾಳ ಹುಣ್ಣಾಗುತ್ತದೆ; ಬಾಳೆಹಣ್ಣಿನಲ್ಲಿ ಅಡಗಿಸಿ ಕೊಟ್ಟು ನೀರು ಕುಡಿಸಬೇಕು. ಮೂರನೆಯ ದಿನಕ್ಕೆ ಕೆಂಪಿ ಬಾಳೆಹಣ್ಣು ತಿಂದು ಮಾತ್ರೆ ಉಗುಳುವುದನ್ನು ಕಲಿತಳು. ಹಿತ್ತಿಲ ಗೋಡೆಯ ಬಿರುಕುಗಳಲ್ಲೆಲ್ಲ ಉಣ್ಣೆಗಳು ಮೊಟ್ಟೆಯಿಡುತ್ತವೆಂದು ತಿಳಿದ ಮೇಲೆ ಒಂದು ಭಾನುವಾರ ಪೂರ್ತಿ ಆ ಬಿರುಕುಗಳಿಗೆ ಗಾರೆ ಮೆತ್ತಿದೆ.

ಇದಿಷ್ಟೂ ಚಿಕಿತ್ಸೆಯ ಪೂರ್ವಪೀಠಿಕೆ ಮಾತ್ರ. ಮೂರನೆಯ ವಾರದ ಕೊನೆಗೆ ಕಣಗಳ ಸಂಖ್ಯೆ ಏರಿದಾಗ ಮೊದಲ ಸೂಜಿ ಬಿದ್ದಿತು. ಅಲ್ಲಿಂದ ಮುಂದೆ ಪ್ರತಿವಾರವೂ ಮೊದಲು ರಕ್ತಪರೀಕ್ಷೆ, ಆಮೇಲೆ ಸೂಜಿ. ಬಿಳಿಯ ರಕ್ತಕಣಗಳು ತೀರ ಇಳಿದಿದ್ದರೆ ಆ ವಾರ ಸುಮ್ಮನೆ ಕಾಯಬೇಕು. ನಾಲ್ಕನೆಯ ಸೂಜಿಗೆ ಹಾಗೆ ಒಂದು ವಾರ ಕಾದೆವು. ಸೂಜಿಯ ಮರುದಿನ ಅವಳು ಏನನ್ನೂ ಮುಟ್ಟುತ್ತಿರಲಿಲ್ಲ, ರಾತ್ರಿ ವಾಂತಿ. ಔಷಧ ಮೂತ್ರ ಮಲಗಳಲ್ಲಿ ಹೊರಬೀಳುವುದರಿಂದ ಕೆಲವು ದಿನ ಕೈಗವಸು ಹಾಕಿಕೊಂಡೇ ಬಳಿಯಬೇಕು. ಬಸುರಿಯರು ಹತ್ತಿರ ಸುಳಿಯಬಾರದು. ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಳು. ನನ್ನ ತಾಯಿ ಎರಡು ವಾರ ನನ್ನೊಡನೆ ಮಾತು ಬಿಟ್ಟರು, ಅವರ ಸಿಟ್ಟು ನ್ಯಾಯವಾದುದಾಗಿತ್ತು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಬೀಗ, ಹೊರಗಿನ ಕೆಲಸವೆಲ್ಲ ನನ್ನೊಬ್ಬನದು ಎಂಬ ಕರಾರಿನ ಮೇಲೆ ಸಂಸಾರ ನಡೆಯಿತು. ಐದನೆಯ ಸೂಜಿಯ ವೇಳೆಗೆ ಗಡ್ಡೆ ಹೆಬ್ಬೆರಳ ಉಗುರಿನಷ್ಟಾಗಿತ್ತು. ಆರನೆಯದರ ವಾರದ ನಂತರ ವೈದ್ಯರು ಹುಡುಕಿದರೂ ಸಿಗಲಿಲ್ಲ. ಒಟ್ಟು ಖರ್ಚು ನನ್ನ ಒಂದು ತಿಂಗಳ ಸಂಬಳದ ಅರ್ಧವನ್ನು ಮುಟ್ಟಲಿಲ್ಲ. ಹಣದ್ದೇ ತೊಂದರೆಯೆನ್ನುವವರು ಇದನ್ನು ಗಮನಿಸಬೇಕು. ಕೊರತೆಯಿದ್ದುದು ಹಣಕ್ಕಲ್ಲ, ಸತತವಾಗಿ ಅಷ್ಟು ಬೆಳಗುಗಳನ್ನು ಒಂದೇ ಕೆಲಸಕ್ಕೆ ಕೊಡುವ ಮನುಷ್ಯನಿಗೆ.

ಊಟದ ಪ್ರಶ್ನೆಯಲ್ಲಿ ನನಗೂ ಕೆಲವು ಭಕ್ತರಿಗೂ ಇಂದಿಗೂ ಮನಸ್ತಾಪವಿದೆ, ಮುಚ್ಚಿಡುವುದಿಲ್ಲ. ದಾಸೋಹದಲ್ಲಿ ಉಳಿದುದನ್ನು ನಾಯಿಗೆ ಹಾಕಿದರಾಯಿತೆಂದು ನಾವೆಲ್ಲ ಭಾವಿಸಿದ್ದೇವೆ. ಸಾರಿನ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ; ಪಾಯಸದ ಒಣದ್ರಾಕ್ಷಿ ಅದರ ಮೂತ್ರಪಿಂಡವನ್ನು ಕೆಡಿಸಬಲ್ಲದು. ಹೋಳಿಗೆಯಿಂದ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ವೈದ್ಯರು ದಿನಕ್ಕೆರಡು ಬೇಯಿಸಿದ ಮೊಟ್ಟೆ ಎಂದರು. ಮಠದ ಆವರಣದೊಳಗೆ ಅದು ಸಲ್ಲದು, ನಾನೂ ತರಲಿಲ್ಲ. ನನ್ನ ಹಿತ್ತಿಲಲ್ಲಿ, ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ ಬೇಯಿಸಿದೆ. ಸುದ್ದಿ ಹರಡಿತು. ಮಠದಲ್ಲಿ ವಚನ ವ್ಯಾಖ್ಯಾನ ಬರೆಯುವವನು ಮೊಟ್ಟೆ ಬೇಯಿಸುತ್ತಾನೆಂದು ಪೂಜ್ಯರ ತನಕ ದೂರು ಹೋಯಿತು. ನನ್ನ ಉತ್ತರ ಆಗಲೂ ಇದೇ, ಈಗಲೂ ಇದೇ: ವ್ರತವನ್ನು ಹಿಡಿಯುವುದು ಅರಿವುಳ್ಳವನು, ತನಗಾಗಿ. ನಾಯಿ ಲಿಂಗಧಾರಣೆ ಮಾಡಿಸಿಕೊಂಡಿಲ್ಲ. ರೋಗದಿಂದ ಸೊರಗಿದ ಜೀವಿಯ ತಟ್ಟೆಯಲ್ಲಿ ನಮ್ಮ ನೇಮವನ್ನು ಬಡಿಸಿ, ಅದು ಸೊರಗುತ್ತ ಹೋಗುವುದನ್ನು ನೋಡುತ್ತ, ನಮ್ಮ ನೇಮ ಕೆಡಲಿಲ್ಲವೆಂದು ಸಮಾಧಾನಪಡುವುದು ಅಗ್ಗದ ಶೀಲ. ಪೂಜ್ಯರು ದೂರನ್ನು ಕೇಳಿ, ನಾಯಿ ಹೇಗಿದೆ ಎಂದಷ್ಟೇ ವಿಚಾರಿಸಿದರು.

ಇನ್ನು ಶಾಸ್ತ್ರಬಲ್ಲವರ ಆಕ್ಷೇಪ. ವಚನಗಳಲ್ಲಿ ನಾಯಿ ಬರುವುದೇ ಹೀನೋಪಮೆಯಾಗಿ, ಆಸೆಬುರುಕ ಮನಸ್ಸಿಗೆ ಹೋಲಿಕೆಯಾಗಿ, ಆದುದರಿಂದ ಶರಣರಿಗೆ ನಾಯಿ ಆದರಣೀಯವಲ್ಲ ಎಂದು ಒಬ್ಬರು ನನಗೇ ಪಾಠ ಹೇಳಿದರು. ಅಲಂಕಾರಶಾಸ್ತ್ರದ ಮೊದಲ ಪಾಠವನ್ನೂ ಮರೆತ ಮಾತಿದು. ಅಲ್ಲಿ ಏಟು ಬೀಳುವುದು ಉಪಮೇಯಕ್ಕೆ, ಅಂದರೆ ನಮಗೆ. ನಾಯಿ ಎಂಜಲಿಗೆ ಹಾತೊರೆಯುವುದು ಅದರ ಹಸಿವು. ಮನುಷ್ಯ ಹಾತೊರೆಯುವುದಕ್ಕೆ ಹಸಿವಿನ ನೆಪವೂ ಇರುವುದಿಲ್ಲ ಎಂಬುದೇ ಆ ಹೋಲಿಕೆಯ ಚಾಟಿ. ಇನ್ನು ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಓದಿಸಿದ ಕಥೆಯನ್ನು ಹೇಳದ ಪುರಾಣ ಪ್ರವಚನ ಈ ಸೀಮೆಯಲ್ಲಿ ಇದೆಯೇ? ಆ ಕಥೆಗೆ ಚಪ್ಪಾಳೆ ತಟ್ಟಿ, ಪ್ರವಚನ ಮುಗಿಸಿ ಹೊರಬಂದು, ಚಪ್ಪಲಿಯ ಬಳಿ ಮಲಗಿದ ನಾಯಿಗೆ ಕಾಲಿನಿಂದ ಒದೆಯುವವರನ್ನು ನಾನು ಎಣಿಸಲಾರದಷ್ಟು ಸಲ ಕಂಡಿದ್ದೇನೆ.

ನ್ಯಾಯವಾದ ಆಕ್ಷೇಪವೂ ಒಂದಿದೆ. ನಾಯಿ ಕಚ್ಚುತ್ತದೆ, ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ, ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ. ಮಗುವನ್ನು ಕಳೆದುಕೊಂಡ ತಾಯಿಯ ಎದುರು ಪ್ರಾಣಿದಯೆಯ ಉಪನ್ಯಾಸ ಮಾಡುವ ನಿರ್ಲಜ್ಜತನ ನನಗಿಲ್ಲ. ಆದರೆ ಈ ಆಕ್ಷೇಪ ಯಾರ ಮೇಲೆ ಬೀಳಬೇಕು? ಬೀದಿಬೀದಿಯಲ್ಲಿ ಬಿಸ್ಕತ್ತು ಎರಚಿ, ಒಂದು ಲಸಿಕೆಯನ್ನೂ ಹಾಕಿಸದೆ, ಸಂತಾನಹರಣಕ್ಕೂ ಒಯ್ಯದೆ, ಹಿಂಡು ಬೆಳೆಸಿ ಹೋಗುವವರ ಮೇಲೆ ಬೀಳಬೇಕು. ಕೆಂಪಿಯಂಥವಳನ್ನು ಒಂದು ಮನೆಗೆ ಸೇರಿಸುವ ಕೆಲಸದ ಮೇಲಲ್ಲ. ಅವಳು ರೇಬೀಸ್ ಲಸಿಕೆ ಪಡೆದು, ಗರ್ಭಕೋಶ ತೆಗೆಸಿಕೊಂಡು, ಗಡ್ಡೆಯನ್ನು ಇನ್ನೊಂದು ನಾಯಿಗೆ ದಾಟಿಸಲಾರದವಳಾಗಿ ಬೀದಿಯಿಂದ ಶಾಶ್ವತವಾಗಿ ಹೊರಬಂದಳು. ಅವಳನ್ನು ಮುಟ್ಟುವ ಮೊದಲು ನಾನೂ ರೇಬೀಸ್ ಲಸಿಕೆ ಹಾಕಿಸಿಕೊಂಡೆನೆಂದು ಹೇಳಿದರೆ ಶೋಭಿಸುತ್ತಿತ್ತು. ನಿಜವೆಂದರೆ ಎರಡನೆಯ ದಿನ ಅವಳು ಕೈಗೆ ಹಲ್ಲು ತಾಗಿಸಿದ ಮೇಲೆ, ಸಾಬೂನಿನಿಂದ ಕಾಲುಗಂಟೆ ತೊಳೆದು, ಆಸ್ಪತ್ರೆಗೆ ಓಡಿದೆ. ನೀವು ಮೊದಲೇ ಹಾಕಿಸಿಕೊಳ್ಳಿ.

ಆ ದಿನಗಳಲ್ಲೇ ದೇಶವೆಲ್ಲ ನಾಯಿಗಳ ಮಾತಾಡುತ್ತಿತ್ತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಕೇಂದ್ರಗಳಿಗೆ ಸಾಗಿಸಬೇಕೆಂದು ಹೇಳಿತು; 22ರಂದು ತ್ರಿಸದಸ್ಯ ಪೀಠವು ಅದನ್ನು ಮಾರ್ಪಡಿಸಿ, ರೇಬೀಸ್ ತಗಲಿದವು ಮತ್ತು ಆಕ್ರಮಣಶೀಲವಾದವುಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಗಳ ನಂತರ ಅವುಗಳ ಜಾಗಕ್ಕೇ ಮರಳಿಸಬೇಕೆಂದಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಕೂಡದೆಂದಿತು. ನಮ್ಮವರಲ್ಲಿಯೂ ಎರಡು ಪಕ್ಷಗಳಾಗಿ ವಾರಗಟ್ಟಲೆ ವಾಗ್ವಾದ ನಡೆಯಿತು. ಆಗಸ್ಟ್ 22ರ ಆದೇಶದಲ್ಲೇ ಇದ್ದ ಒಂದು ಸಣ್ಣ ಮಾತನ್ನು ಮಾತ್ರ ಯಾವ ಪಕ್ಷದವರೂ ಎತ್ತಲಿಲ್ಲ: ಪ್ರಾಣಿಪ್ರಿಯರು ನಾಯಿಗಳನ್ನು ದತ್ತು ಪಡೆಯಲು ಅರ್ಜಿ ಹಾಕಬಹುದು, ಪಡೆದ ಮೇಲೆ ಅವು ಬೀದಿಗೆ ಮರಳದಂತೆ ನೋಡಿಕೊಳ್ಳುವ ಹೊಣೆ ಅವರದು. ಪರ ವಿರೋಧ ಮಾತಾಡಿದವರಲ್ಲಿ ಒಬ್ಬರಾದರೂ ನನ್ನ ಹಿತ್ತಿಲಿಗೆ ಬಂದು, ಒಂದು ದಿನ ನಾನು ನೋಡಿಕೊಳ್ಳುತ್ತೇನೆ, ನೀವು ಊರಿಗೆ ಹೋಗಿಬನ್ನಿ ಎಂದಿದ್ದರೆ ಅವರ ಪಕ್ಷ ಯಾವುದಾದರೂ ನಾನು ಸೇರುತ್ತಿದ್ದೆ.

ಗುಣಪಡಿಸಿದರೆ ಕೆಲಸ ಮುಗಿಯಲಿಲ್ಲ. ಬೀದಿಯಲ್ಲಿ ಬೆಳೆದ ನಾಯಿಗೆ ಮನೆಯೆಂಬುದೇ ಭಯ. ಕುಕ್ಕರಿನ ಕೂಗು, ಮಿಕ್ಸರಿನ ಸದ್ದು, ಗ್ಯಾಸ್ ಸಿಲಿಂಡರ್ ಉರುಳಿಸುವ ಶಬ್ದ, ಇವೆಲ್ಲವನ್ನೂ ಅದು ಒಂದೊಂದಾಗಿ ಒಪ್ಪಿಕೊಳ್ಳಬೇಕು. ಕೊರಳಿಗೆ ಹಗ್ಗ ಬಿದ್ದೊಡನೆ ನೆಲಕ್ಕೆ ಅಂಟಿಕೊಳ್ಳದೆ ನಡೆಯಬೇಕು. ದೀಪಾವಳಿಯ ಮೂರು ರಾತ್ರಿ ಅವಳು ನೀರೊಲೆಯ ಸಂದಿಯಲ್ಲಿ ನಡುಗುತ್ತ ಕುಳಿತಳು. ನಾನೂ ಹೊರಗೆ ಕುಳಿತೆ. ಅಷ್ಟರಲ್ಲಿ ಮಾತುಬಿಟ್ಟಿದ್ದ ನನ್ನ ತಾಯಿ ತಾವಾಗಿ ಬಂದು ಹಳೆಯ ಕೌದಿಯೊಂದನ್ನು ಹಿತ್ತಿಲ ಬಾಗಿಲಿನಿಂದ ಎಸೆದು ಹೋದರು.

ದತ್ತು ಕೇಳಿ ಬಂದವರ ಮೊದಲ ಪ್ರಶ್ನೆ ಏನಿತ್ತು ಬಲ್ಲಿರಾ? “ಜಾತಿ ಯಾವುದು?” ಈ ಮಠದ ಭಕ್ತರು, ಈ ಮಠದ ಅಂಗಳದಲ್ಲೇ ನಿಂತು ಕೇಳಿದರು. ಬೀದಿಯದೆಂದ ಮೇಲೆ ಮುಖ ಸಣ್ಣದಾಯಿತು. ಅವರಲ್ಲೊಬ್ಬರು ಆಮೇಲೆ ಹಿಮಪ್ರದೇಶದ ದಟ್ಟಗೂದಲಿನ ನಾಯಿಯೊಂದನ್ನು ದುಡ್ಡು ಕೊಟ್ಟು ತಂದರು. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದು ಹೇಗಿದೆಯೋ ಕೇಳಲು ನನಗೆ ಧೈರ್ಯವಿಲ್ಲ. ನಾಡತಳಿಯ ಅಭಿಮಾನವೆನ್ನುವುದಾದರೆ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳದ ಬೇಟೆನಾಯಿ ನಮ್ಮದೇ. ಆದರೆ ಓಡಲು ಹುಟ್ಟಿದ ಆ ನಾಯಿಯನ್ನು ಎರಡು ಕೋಣೆಯ ಮನೆಗೆ ತಂದು, ಗೇಟಿಗೆ ಕಟ್ಟುವುದೂ ಅಭಿಮಾನವಲ್ಲ. ಇನ್ನೊಬ್ಬರು ತೋಟ ಕಾಯಲು ಕೇಳಿದರು. ಹಗಲು ರಾತ್ರಿ ಸರಪಳಿ ಎಂದು ತಿಳಿದು ಇಲ್ಲವೆಂದೆ. ಬೀದಿನಾಯಿಗೆ ಇಷ್ಟು ಷರತ್ತೇ ಎಂದು ಅವರು ಕೋಪಿಸಿಕೊಂಡರು. ಹೌದು, ಇಷ್ಟು ಷರತ್ತು. ಮನೆ ನೋಡುತ್ತೇನೆ, ಮನೆಯ ಎಲ್ಲರ ಒಪ್ಪಿಗೆ ಕೇಳುತ್ತೇನೆ, ಬೇಡವಾದರೆ ಬೀದಿಗೆ ಬಿಡದೆ ನನಗೇ ಮರಳಿಸುತ್ತೇವೆಂದು ಬರೆಸಿಕೊಳ್ಳುತ್ತೇನೆ. ಯಾರಿಗೋ ದಾಟಿಸಿ ಕೈತೊಳೆದುಕೊಳ್ಳುವುದಾದರೆ ನನಗೂ ಆ ಕಾರಿನವರಿಗೂ ಏನು ವ್ಯತ್ಯಾಸ?

ಕೊನೆಗೆ ಪಕ್ಕದ ತಾಲ್ಲೂಕಿನ ನಿವೃತ್ತ ಶಿಕ್ಷಕ ದಂಪತಿಗಳು ಮೂರು ಸಲ ಬಂದು, ಮೂರು ಸಲವೂ ಅವಳ ಪಕ್ಕ ಸುಮ್ಮನೆ ಕುಳಿತು ಹೋದರು. ಡಿಸೆಂಬರ್ ಮೊದಲ ವಾರ, ಹದಿನೇಳು ವಾರಗಳ ನಂತರ, ಅವರಿಗೆ ಒಪ್ಪಿಸಿದೆ. ಈಗ ನಮ್ಮ ಮನೆಯಲ್ಲೇ ಇರಲಿ ಎಂದವರು ಯಾರು ಗೊತ್ತೇ, ನನ್ನ ತಾಯಿ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಸಾಕಿದವರು ಇಟ್ಟುಕೊಳ್ಳುವುದರಲ್ಲಿ ತಪ್ಪೇನೆಂದು ಕೇಳುವವರಿದ್ದಾರೆ. ತಪ್ಪು ಇದು: ಹಿತ್ತಿಲು ಒಂದೇ. ಬಿಟ್ಟುಕೊಡಲಾರದೆ ಇಟ್ಟುಕೊಂಡು, ಇಟ್ಟುಕೊಂಡು, ಎರಡು ಕೋಣೆಯಲ್ಲಿ ನಲವತ್ತು ನಾಯಿಗಳನ್ನು ತುಂಬಿ, ಯಾವುದಕ್ಕೂ ಲಸಿಕೆಯಿಲ್ಲದೆ, ಒಂದಕ್ಕೆ ಬಂದ ಡಿಸ್ಟೆಂಪರ್ ಎಲ್ಲಕ್ಕೂ ತಗಲುವುದನ್ನು ನೋಡುವ ಪ್ರೀತಿಯೂ ಇದೆ. ಅದನ್ನು ನಾನು ಕಂಡಿದ್ದೇನೆ, ಅದಕ್ಕೆ ಬೇಕಾದುದು ನಾಯಿಗಿಂತ ಹೆಚ್ಚಾಗಿ ತನ್ನ ದುಃಖವೇ. ಕೆಂಪಿ ಹೋಗುವಾಗ ಕಾರಿನ ಹಿಂದಿನ ಗಾಜಿಗೆ ಮೂಗು ಒತ್ತಿ ಕೂಗಿದಳು. ಆ ದಿನ ನಾನು ಕಾರ್ಯಾಲಯಕ್ಕೆ ಹೋಗಲಿಲ್ಲ.

ಕಳೆದ ಸೋಮವಾರ ಬೇವಿನ ಮರಕ್ಕೆ ಮತ್ತೊಂದು ನಾಯಿ ಬಂದಿದೆ. ಗಂಡು, ಹಿಂಗಾಲು ಮುರಿದಿದೆ. ಕೊರಳಲ್ಲಿ ಒಂದು ಚೀಟಿ, ಐನೂರರ ನೋಟು. ಆದರೆ ಕೆಂಪಿಯ ನಂತರ ಹೆಬ್ಬಾಗಿಲಿನಲ್ಲಿ ವಾಹನಗಳ ಸಂಖ್ಯೆ ಬರೆದಿಡುವ ಪುಸ್ತಕವಿಟ್ಟಿದ್ದೇವೆ. ಆ ಭಕ್ತರನ್ನು ಹುಡುಕಿ ಮಾತಾಡಿದೆ. ಮೊದಲು ಸಿಟ್ಟಾದರು, ಆಮೇಲೆ ಸುಮ್ಮನಾದರು, ಆಮೇಲೆ ಎಷ್ಟು ವಾರ ಬೇಕಾದೀತು ಎಂದು ಕೇಳಿದರು. ಮೂಳೆ ಕೂಡಲು ಆರರಿಂದ ಎಂಟು ವಾರ ಎಂದೆ. ಅವರ ಮನೆಯ ಹಿಂದೆ ಖಾಲಿ ದನದ ಕೊಟ್ಟಿಗೆಯಿದೆಯಂತೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆಂದಿದ್ದಾರೆ. ಬಾಳೆಹಣ್ಣು ತರಲು ಹೇಳಿದ್ದೇನೆ.